ಬಂಡೆ ಮೇಲಿನ ಗುಳಿಗಳು ಉಭಯವಾಸಿಗಳ ಹೆಜ್ಜೆಗುರುತೇ?

ಪ್ರಶ್ನೆ: ಚಿತ್ರದುರ್ಗದ ಕೋಟೆ ಬಂಡೆ ಮೇಲೆ ಅಂಗೈಯಗಲದ ಗುಳಿಗಳು ಸಾಲಾಗಿವೆ, ಮಳೆನೀರು ನಿಲ್ಲುತ್ತೆ. ಪ್ರಾಚೀನ ಉಭಯವಾಸಿಗಳ ಹೆಜ್ಜೆ ಇರಬಹುದಾ? ಗುರುತಿಸೋದು ಹೇಗೆ?

ಉತ್ತರ 1: ಸಾಧ್ಯವಿಲ್ಲ ಸರ್. ಅದು ಗ್ರಾನೈಟ್, ನೆಲದಾಳದಲ್ಲಿ ಶಿಲಾರಸ ಆರಿ ಗಟ್ಟಿಯಾದದ್ದು; ವಯಸ್ಸು ಸುಮಾರು 260 ಕೋಟಿ ವರ್ಷ. ನಾಲ್ಕು ಕಾಲಿನ ಪ್ರಾಣಿಗಳ ಅತಿ ಹಳೆಯ ಹೆಜ್ಜೆಗಳಲ್ಲಿ ಸೇರುವ ಪೋಲೆಂಡಿನ ಜಾಖೆಲ್ಮಿಯೆ ಕ್ವಾರಿಯ ಗುರುತುಗಳಿಗೇ ಸುಮಾರು 39 ಕೋಟಿ ವರ್ಷ. ಹೆಜ್ಜೆ ಮೂಡೋಕೆ ಹದವಾದ ಕೆಸರು ಬೇಕು, ಅದು ಅಳಿಯೋ ಮೊದಲು ಮೇಲೊಂದು ಪದರ ಕೂರಬೇಕು. ನಿಮ್ಮ ಗುಳಿಗಳು ನೀರು ನಿಂತು ಗ್ರಾನೈಟಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಸವೆದು ಆಗುವಂಥವು. ಅಂಚಿಗೆ ಬೆರಳಾಡಿಸಿ, ಹರಳು ಪುಡಿಯಾಗಿ ಉದುರಬಹುದು.

ಉತ್ತರ 2: ಬೇರೆ ಕಡೆ ಮರಳುಗಲ್ಲಿನ ಮೇಲೆ ಇಂಥ ಗುರುತು ಸಿಕ್ಕರೆ, ಬೆಳಗ್ಗೆ ಬಿಸಿಲು ಓರೆಯಾಗಿರುವಾಗ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೀರಿ, ನಡುಹಗಲಲ್ಲಿ ನೆರಳಿಲ್ಲದೆ ಬೆರಳೇ ಕಾಣಲ್ಲ. ಎಡ-ಬಲ ಹೆಜ್ಜೆ ಒಂದಾದ ಮೇಲೊಂದು ಬರಬೇಕು. ಸಾಮಾನ್ಯವಾಗಿ ಮುಂಗಾಲಿಗೆ 4 ಬೆರಳು, ಹಿಂಗಾಲಿಗೆ 5. ತುದಿ ಮೊಂಡು, ಉಗುರಿನ ಗೀರಿರಲ್ಲ. ಒಂದೇ ಗುರುತು ನೋಡಿ ತೀರ್ಮಾನಿಸಬೇಡಿ. ಅಚ್ಚು ತೆಗೆಯೋಕೆ ಪ್ಲಾಸ್ಟರ್ ಅಂತೂ ಸುರೀಲೇಬೇಡಿ, ಕೀಳುವಾಗ ಮೇಲ್ಪದರವೂ ಎದ್ದು ಬರುತ್ತೆ.

ಉತ್ತರ 3: ನಮ್ಮ ಜಿಲ್ಲೆಯಲ್ಲೇ ಜೀವಿಗಳ ಕುರುಹು ಬೇಕಿದ್ದರೆ ಮಾರಿಕಣಿವೆ ಕಡೆಯ ಸುಣ್ಣಕಲ್ಲು ನೋಡಿ. ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಾಟೊಲೈಟ್, ಈರುಳ್ಳಿ ಸಿಪ್ಪೆಯಂತೆ ಪದರಪದರ.