ತರಕಾರಿ ಬೇಯಿಸಿದ ನೀರು: ಯಾವುದನ್ನು ಚೆಲ್ಲಬೇಕು, ಯಾವುದನ್ನು ಉಳಿಸಬೇಕು?

ಪ್ರಶ್ನೆ: ಹಿತ್ತಲಲ್ಲಿ ಪಾಲಕ್, ಬೀನ್ಸ್, ಬೀಟ್‌ರೂಟ್ ಮೂರೂ ಒಟ್ಟಿಗೆ ಕೊಯ್ಲಿಗೆ ಬಂದಿವೆ. ಬೇಯಿಸಿದ ನೀರಲ್ಲೇ ಸತ್ವವೆಲ್ಲ ಇರುತ್ತದೆ, ಚೆಲ್ಲಬಾರದು ಅಂತಾರೆ ಕೆಲವರು. ಕಿಡ್ನಿ ಕಲ್ಲು ಆದವರು ಚೆಲ್ಲಲೇಬೇಕು ಅಂತಾರೆ ಇನ್ನು ಕೆಲವರು. ನಮ್ಮ ಮನೆಯವರಿಗೆ ಹಿಂದೆ ಕಲ್ಲಾಗಿತ್ತು. ಯಾವುದು ಸರಿ ಮೇಡಂ?

ಉತ್ತರ (ಆಹಾರತಜ್ಞೆ): ಎರಡೂ ಸರಿ, ಆದರೆ ಒಂದೇ ತರಕಾರಿಗಲ್ಲ.

ಮೊದಲು ಪಾಲಕ್. ಇದರಲ್ಲಿ ಆಕ್ಸಲೇಟ್ (ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗಬಲ್ಲ ವಸ್ತು) ಬಹಳ. ಅದರಲ್ಲಿ ಒಂದು ಪಾಲು ನೀರಿನಲ್ಲಿ ಕರಗುತ್ತದೆ, ಕಲ್ಲಿಗೆ ದಾರಿ ಮಾಡಿಕೊಡುವುದು ಮುಖ್ಯವಾಗಿ ಅದೇ. ನೀರಲ್ಲಿ ಕುದಿಸಿ ಬಸಿದರೆ ಕರಗುವ ಆಕ್ಸಲೇಟ್ ತರಕಾರಿಗೆ ತಕ್ಕಂತೆ ಶೇ. 30ರಿಂದ 87ರವರೆಗೆ ಇಳಿಯುತ್ತದೆ. ಹಬೆಯಲ್ಲಿ ಬೇಯಿಸಿದರೆ ಅಷ್ಟು ಇಳಿಯುವುದಿಲ್ಲ. 250 ಗ್ರಾಂ ಸೊಪ್ಪಿಗೆ 3 ಲೀಟರ್ ನೀರು ಇಡಿ. ಕೊತಕೊತ ಕುದಿಯುವಾಗ ಸೊಪ್ಪು ಹಾಕಿ, 3 ನಿಮಿಷ ಬಿಟ್ಟು ಬಸಿಯಿರಿ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಹಿಂಡಿ. ಆ ನೀರನ್ನು ಸಾರಿಗೂ ಹಾಕಬೇಡಿ, ಹಿಟ್ಟು ಕಲಸಲೂ ಬಳಸಬೇಡಿ. ಕಡಿಮೆ ನೀರಲ್ಲಿ ಬೇಯಿಸಿ ಅದನ್ನೂ ಅದರಲ್ಲೇ ಇಂಗಿಸಿದರೆ ಆಕ್ಸಲೇಟ್ ಎಲ್ಲಿಗೂ ಹೋಗುವುದಿಲ್ಲ.

ಹೀಗೆ ಬಸಿದಾಗ ವಿಟಮಿನ್ ಸಿ ಮತ್ತು ಫೋಲೇಟ್ ಕೂಡ ನೀರಿನ ಜೊತೆ ಹೋಗುತ್ತವೆ. ಅದಕ್ಕೇ ಕಲ್ಲಿನ ತೊಂದರೆ ಇಲ್ಲದವರು ಸೊಪ್ಪನ್ನು ತೊಳೆದಾಗ ಅಂಟಿದ ನೀರಲ್ಲೇ 2 ನಿಮಿಷ ಬಾಡಿಸಿದರೆ ಸಾಕು. ಒಂದು ಚಮಚ ಎಣ್ಣೆ ಇರಲಿ, ಕೊಬ್ಬಿಲ್ಲದೆ ಬೀಟಾ ಕೆರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಅಂಶ) ದೇಹಕ್ಕೆ ಸರಿಯಾಗಿ ಸೇರದು. ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ. ಸೊಪ್ಪಿನ ಕಬ್ಬಿಣಾಂಶ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ, ಆದರೆ ಕುದಿಸಿದರೆ ಅದೇ ನಾಶವಾಗುತ್ತದೆ.

ಕಲ್ಲಾದವರು ಹಾಲು, ಮೊಸರು ಬಿಟ್ಟುಬಿಡುವುದನ್ನು ನೋಡಿದರೆ ಬೇಸರವಾಗುತ್ತದೆ. ಸೊಪ್ಪಿನ ಜೊತೆಗೇ ಮೊಸರು ತಿಂದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಹಾಕುತ್ತದೆ. ಪದೇಪದೇ ಕಲ್ಲಾಗುವವರು ಮಾತ್ರ ಪಾಲಕ್, ಹರಿವೆ, ಬೀಟ್‌ರೂಟ್ ಎಲೆ ಬಿಟ್ಟು ಎಲೆಕೋಸಿನಂಥದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಬೀನ್ಸ್‌ಗೆ ನೀರಿನ ವಿಷಯ ಪೂರ್ತಿ ಉಲ್ಟಾ, ಚೆಲ್ಲಬೇಡಿ. 250 ಗ್ರಾಂಗೆ ಕಾಲು ಕಪ್ ನೀರು, ಮುಚ್ಚಳ, ಸಣ್ಣ ಉರಿ, 7–8 ನಿಮಿಷ. ಉಳಿದ ನೀರು ಅದರಲ್ಲೇ ಇಂಗಲಿ. ಹಸಿಯಾಗಿ ಮಾತ್ರ ತಿನ್ನಬೇಡಿ, ಎಳೆ ಬೀನ್ಸ್‌ನಲ್ಲೂ ಹೊಟ್ಟೆ ಕೆಡಿಸುವ ಲೆಕ್ಟಿನ್ ಇದೆ. ಗಿಡದಲ್ಲೇ ಬಲಿತು ಒಣಗಿದ ಕಾಳಾದರೆ ಕನಿಷ್ಠ 5 ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ 30 ನಿಮಿಷ ಜೋರಾಗಿ ಕುದಿಸಿ. ಆಮೇಲೆ ಮೆತ್ತಗಾಗುವವರೆಗೆ ಬೇಯಲಿ.

ಬೀಟ್‌ರೂಟಿನ ಬಣ್ಣ, ಸತ್ವ ನೀರಿಗೆ ಇಳಿಯದಿರಲು ಬೇಯಿಸುವ ಮೊದಲು ಹೆಚ್ಚಬೇಡಿ, ಸಿಪ್ಪೆ ತೆಗೆಯಬೇಡಿ. ಮೇಲೆ 2–3 ಸೆಂ.ಮೀ. ದಂಟು, ಕೆಳಗೆ ಬೇರಿನ ಬಾಲ ಹಾಗೇ ಇರಲಿ. ಮಧ್ಯಮ ಗಾತ್ರದ ಗೆಡ್ಡೆ 40–45 ನಿಮಿಷದಲ್ಲಿ ಬೇಯುತ್ತದೆ. ತಣ್ಣೀರಿಗೆ ಹಾಕಿ ಉಜ್ಜಿದರೆ ಸಿಪ್ಪೆ ತಾನಾಗಿ ಜಾರುತ್ತದೆ. ತಿಂದ ಮೇಲೆ ಕೆಲವರಿಗೆ ಮೂತ್ರ ಕೆಂಪಾಗುತ್ತದೆ, ಗಾಬರಿ ಬೇಡ. ಬೀಟ್‌ರೂಟ್ ತಿನ್ನದೆಯೂ ಕೆಂಪಾದರೆ ವೈದ್ಯರಿಗೆ ತೋರಿಸಿ.

ಮರುಪ್ರಶ್ನೆ: ಮುಚ್ಚಿ ಬೇಯಿಸಿದರೆ ಬೀನ್ಸ್ ಬಣ್ಣ ಮಂಕಾಗಿ ಹುಲ್ಲಿನಂತಾಗುತ್ತದೆ. ಚಿಟಿಕೆ ಸೋಡ ಹಾಕಬಹುದಾ?

ಆಹಾರತಜ್ಞೆ: ಬೇಡ. ಬೇಯುವಾಗ ತರಕಾರಿಯೊಳಗಿನ ಆಮ್ಲ ಹೊರಬಂದು ಹಸಿರಿನೊಳಗಿನ ಮೆಗ್ನೀಷಿಯಮನ್ನು ಕಿತ್ತುಹಾಕುತ್ತದೆ, ಬಣ್ಣ ಹೋಗುವುದು ಅದಕ್ಕೆ. ಸೋಡ ಆ ಆಮ್ಲವನ್ನು ಅಡಗಿಸುತ್ತದೆ ನಿಜ, ಆದರೆ ತರಕಾರಿಯನ್ನು ಲೊಳಲೊಳ ಮಾಡಿ ಥಯಾಮಿನ್ (ವಿಟಮಿನ್ ಬಿ1) ಮತ್ತು ವಿಟಮಿನ್ ಸಿ ಎರಡನ್ನೂ ಹಾಳುಮಾಡುತ್ತದೆ. ಮೊದಲ 2–3 ನಿಮಿಷ ಮುಚ್ಚಳ ತೆಗೆದಿಡಿ, ಆವಿಯ ಜೊತೆ ಸ್ವಲ್ಪ ಆಮ್ಲ ಹೋಗುತ್ತದೆ. ಹುಳಿ ಏನೇ ಇದ್ದರೂ ಕೊನೆಯಲ್ಲಿ.

ಇನ್ನೊಬ್ಬರ ಪ್ರಶ್ನೆ: ನನ್ನ ತಂದೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ತಾರೆ. ಪಾಲಕ್ ನೀರು ಬಸಿದು ಕೊಟ್ಟರೆ ಪರವಾಗಿಲ್ಲವಾ?

ಆಹಾರತಜ್ಞೆ: ಬಸಿದರೆ ಇಲ್ಲಿ ಪ್ರಯೋಜನವಿಲ್ಲ. ವಾರ್ಫರಿನ್‌ಗೆ ಅಡ್ಡ ಬರುವುದು ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ. ಅದು ಕೊಬ್ಬಿನಲ್ಲಿ ಕರಗುವಂಥದ್ದು, ನೀರಿನ ಜೊತೆ ಹೋಗುವುದಿಲ್ಲ. 100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 480 ಮೈಕ್ರೋಗ್ರಾಂ ಇದೆ. ಬೆಂದ ಸೊಪ್ಪು ಕುಗ್ಗುವುದರಿಂದ ಒಂದು ಬಟ್ಟಲಿನಲ್ಲಿ ಇನ್ನೂ ಹೆಚ್ಚು ಹೋಗುತ್ತದೆ. ಸೊಪ್ಪು ಪೂರ್ತಿ ಬಿಡಿಸಬೇಡಿ. ಒಂದು ವಾರ ದಿನವೂ, ಮುಂದಿನ ವಾರ ಶೂನ್ಯ ಎಂಬಂತಾದಾಗಲೇ ರಕ್ತದ ಪರೀಕ್ಷೆಯ ಅಂಕಿ ಏರುಪೇರಾಗುವುದು. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಲಿ. ಕೊಯ್ಲು ಜಾಸ್ತಿ ಬಂತೆಂದು ಹೆಚ್ಚಿಸುವ ಮುನ್ನ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಈ ಸಲ ಒಂದು ಬಳ್ಳಿಯ ಸೋರೆಕಾಯಿ ಕಹಿ. ಉಪ್ಪು ಹಚ್ಚಿಟ್ಟು ಬೇಯಿಸಿ ನೀರು ಚೆಲ್ಲಿದರೆ ತಿನ್ನಬಹುದಾ?

ಉತ್ತರ (ತೋಟಗಾರಿಕೆ ತಜ್ಞ): ದಯವಿಟ್ಟು ತಿನ್ನಬೇಡಿ. ಆ ಕಹಿ ಕುಕರ್ಬಿಟಾಸಿನ್ ಎಂಬ ವಿಷದ್ದು. ಬೇಯಿಸಿದರೂ ಸಾಯುವುದಿಲ್ಲ, ಉಪ್ಪಿಗೂ ಬಗ್ಗುವುದಿಲ್ಲ. ವಾಂತಿ, ಭೇದಿ, ಹೆಚ್ಚಾದರೆ ರಕ್ತವಾಂತಿಯೂ ಆಗುತ್ತದೆ. ಹೆಚ್ಚುವ ಮೊದಲು ಪ್ರತಿ ಕಾಯಿಂದ ಅಕ್ಕಿಕಾಳಿನಷ್ಟು ಚೂರು ನಾಲಿಗೆಗೆ ಮುಟ್ಟಿಸಿ ಉಗುಳಿ. ಕಹಿಯಾದರೆ ಇಡೀ ಕಾಯಿ ಗೊಬ್ಬರದ ಗುಂಡಿಗೆ. ಕುಂಬಳ, ಸೌತೆ ಜಾತಿಗೂ ಇದೇ ಪರೀಕ್ಷೆ. ಹಾಗಲದ ಸಹಜ ಕಹಿ ಬೇರೆ ವಿಷಯ. ಕಹಿ ಬಳ್ಳಿಯ ಬೀಜ ಮುಂದಿನ ಸಲಕ್ಕೆ ಇಟ್ಟುಕೊಳ್ಳಬೇಡಿ, ಕಹಿ ಹೆಚ್ಚದಿರಲು ಬಳ್ಳಿಗೆ ನೀರಿನ ಕೊರತೆ ಆಗದಂತೆಯೂ ನೋಡಿಕೊಳ್ಳಿ.

ಮೊದಲು ಕೇಳಿದವರು: ಧನ್ಯವಾದ. ಉಳಿದ ಬೀನ್ಸ್ ಫ್ರೀಜರ್‌ನಲ್ಲಿ ಇಟ್ಟರೆ ತಿಂಗಳಲ್ಲೇ ಹುಲ್ಲಿನ ವಾಸನೆ ಬರುತ್ತಿದೆ, ಏಕೆ?

ಆಹಾರತಜ್ಞೆ: ಹಸಿಯಾಗೇ ಇಟ್ಟಿರುತ್ತೀರಿ. ಕಾಯಿಯೊಳಗಿನ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಅದನ್ನು ತಡೆಯಲು ಫ್ರೀಜರ್‌ಗೆ ಇಡುವ ಮೊದಲು ಬೀನ್ಸನ್ನು ಕುದಿನೀರಿಗೆ ಹಾಕಿ ತೆಗೆಯಿರಿ: 500 ಗ್ರಾಂಗೆ ಸುಮಾರು 4 ಲೀಟರ್ ನೀರು, 3 ನಿಮಿಷ. ಬೀನ್ಸ್ ಹಾಕಿದ ಒಂದು ನಿಮಿಷದೊಳಗೆ ನೀರು ಮತ್ತೆ ಕುದಿಯದಿದ್ದರೆ ಒಮ್ಮೆಗೆ ಹೆಚ್ಚು ಹಾಕಿದ್ದೀರಿ ಎಂದರ್ಥ. ಅರೆಬಿಸಿ ಮಾಡುವುದು ಹಸಿ ಇಡುವುದಕ್ಕಿಂತ ಕೆಟ್ಟದ್ದು, ಕಿಣ್ವ ಇನ್ನಷ್ಟು ಚುರುಕಾಗುತ್ತದೆ. ತಕ್ಷಣ ಐಸ್ ನೀರಲ್ಲಿ ಅಷ್ಟೇ ಹೊತ್ತು, ಬಟ್ಟೆಯ ಮೇಲೆ ಹರಡಿ ತೇವ ಆರಿಸಿ, ಗಾಳಿ ತೆಗೆದ ಚೀಲದಲ್ಲಿ ಮೈನಸ್ 18 ಡಿಗ್ರಿಯಲ್ಲಿ ಇಡಿ. ಅಡುಗೆಗೆ ತೆಗೆದಾಗ ಕರಗಲು ಬಿಡದೆ ನೇರ ಬಿಸಿ ಬಾಣಲೆಗೆ ಹಾಕಿ.