ಗಡಿ ದಾಟಿದ ಕೊಂಬೆಗೆ ‘ಒತ್ತುವರಿ’ ಎನ್ನಬಹುದೇ?

ಬಲ್ಲವರಿಗೆಲ್ಲ ನಮಸ್ಕಾರ.

ಪಕ್ಕದ ಮನೆಯ ಮರದ ಕೊಂಬೆ ಕಾಂಪೌಂಡು ದಾಟಿ ತಮ್ಮ ಅಂಗಳದ ಮೇಲೋ ತಾರಸಿಯ ಮೇಲೋ ಬಂದಿದೆ ಎಂದು ದೂರುವ ಅರ್ಜಿಗಳನ್ನು ತಿದ್ದಿಕೊಡುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ‘ಸದರಿಯವರ ಮಾವಿನ ಮರದ ಕೊಂಬೆಗಳು ನಮ್ಮ ನಿವೇಶನವನ್ನು ಒತ್ತುವರಿ ಮಾಡಿರುತ್ತವೆ’ ಎಂಬ ಧಾಟಿಯ ವಾಕ್ಯ ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಇಲ್ಲಿ ‘ಒತ್ತುವರಿ’ ಸಲ್ಲುವ ಪದವೇ, ಸಲ್ಲದಿದ್ದರೆ ಅದರ ಜಾಗಕ್ಕೆ ಯಾವುದು ಬರಬೇಕು ಎಂಬುದು ನನ್ನ ಪ್ರಶ್ನೆ.

ಕೆರೆ ಒತ್ತುವರಿ, ರಾಜಕಾಲುವೆ ಒತ್ತುವರಿ, ಗೋಮಾಳದ ಒತ್ತುವರಿ ಎನ್ನುವಾಗ ಆ ಪದದ ಹಿಂದೆ ಬೇಲಿಯನ್ನು ಬೇಕೆಂದೇ ಸರಿಸಿದ ಒಬ್ಬ ಮನುಷ್ಯನಿರುತ್ತಾನೆ. ‘ಅತಿಕ್ರಮಣ’ವೂ ಹಾಗೆಯೇ, ‘ಅತಿಕ್ರಮ ಪ್ರವೇಶ’ವಂತೂ ಅಪರಾಧ ಕಾನೂನಿನ ಮಾತು. ಕೊಂಬೆಗೆ ಇಂಥ ಉದ್ದೇಶವಿರುವುದಿಲ್ಲ, ಅದು ಬೆಳಕಿದ್ದ ಕಡೆಗೆ ಬೆಳೆದಿರುತ್ತದೆ. ಮರದ ಒಡೆಯರ ತಪ್ಪೇನಾದರೂ ಇದ್ದರೆ ಅದು ಸಕಾಲದಲ್ಲಿ ಸವರಿಸದೆ, ಅಂದರೆ ಹೆಚ್ಚಾದ ಕೊಂಬೆಗಳನ್ನಷ್ಟೇ ಕತ್ತರಿಸಿ ತೆಗೆಸದೆ, ಬಿಟ್ಟದ್ದು. ಆದರೆ ಅರ್ಜಿಯ ಪ್ರತಿ ಕೈಸೇರಿದಾಗ ಅವರ ಕಣ್ಣಿಗೆ ಮೊದಲು ಬೀಳುವುದು ‘ಒತ್ತುವರಿ’ಯೇ. ನಾನು ಕಂಡ ಒಂದು ಪ್ರಕರಣದಲ್ಲಿ, ನುಗ್ಗೆಮರದ ಎರಡು ಕೊಂಬೆಗಳ ಬಗ್ಗೆ ಹೋದ ಅರ್ಜಿಗೆ ಉತ್ತರವಾಗಿ ಖಾತೆಯ ನಕಲು, ಚಕ್ಕುಬಂದಿಯ (ನಾಲ್ಕು ದಿಕ್ಕಿನ ಎಲ್ಲೆಗಳ) ವಿವರ, ನಿವೇಶನದ ನಕ್ಷೆ ಇವಿಷ್ಟೂ ಬಂದವು. ‘ನಾವು ಯಾರ ಜಾಗವನ್ನೂ ಒಂದು ಅಂಗುಲ ಒತ್ತಿಲ್ಲ, ಬೇಕಾದರೆ ಸರ್ವೆ ಮಾಡಿಸಿ’ ಎಂಬ ಸವಾಲೂ ಇತ್ತು. ಕೊಂಬೆಯ ಮಾತು ಆ ಉತ್ತರದಲ್ಲಿ ಎಲ್ಲಿಯೂ ಇರಲಿಲ್ಲ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿದ್ದ ಕೆಲಸ ಜಮೀನಿನ ಅಳತೆಯ ಜಗಳವಾಗಿ ಬೆಳೆಯಿತು.

ನಮ್ಮಲ್ಲಿ ಇದಕ್ಕೆ ಕ್ರಿಯಾಪದಗಳ ಕೊರತೆಯಿಲ್ಲ. ಕೊಂಬೆ ಅಡ್ಡಲಾಗಿ ಬೆಳೆದು ಬಂದರೆ ‘ಚಾಚಿದೆ’ ಎನ್ನುತ್ತೇವೆ; ಹಣ್ಣಿನ ಭಾರಕ್ಕೆ ಬಂದರೆ ‘ಬಾಗಿದೆ’; ತುದಿ ಕೆಳಗಿಳಿದಿದ್ದರೆ ‘ಜೋತಿದೆ’; ಕೊಂಬೆಯಲ್ಲ, ಬುಡದಿಂದ ಇಡೀ ಮರವೇ ಓರೆಯಾಗಿದ್ದರೆ ‘ವಾಲಿದೆ’. ಕಟ್ಟಡದವರ ‘ಹೊರಚಾಚು’ ಇಲ್ಲಿಗೆ ಪೂರ್ತಿ ಒಗ್ಗುವುದಿಲ್ಲ, ಏಕೆಂದರೆ ಅದನ್ನು ಅಳೆಯುವುದು ತಮ್ಮ ಗೋಡೆಯಿಂದ ಹೊರಕ್ಕೆ; ನಮ್ಮ ವಿಷಯದಲ್ಲಿ ಮುಖ್ಯವಾಗುವುದು ಇನ್ನೊಬ್ಬರ ಎಲ್ಲೆಯ ಒಳಕ್ಕೆ ಎಷ್ಟು ಬಂದಿದೆ ಎಂಬುದು. ಆದ್ದರಿಂದ ‘ಗಡಿ ದಾಟಿ ಚಾಚಿದ ಕೊಂಬೆ’ ಎಂದು ಬಿಡಿಸಿ ಬರೆಯುವುದೇ ಸರಿಯೆಂದು ನನಗೆ ತೋರುತ್ತದೆ. ಒಂದೇ ಪದದ ಪಾರಿಭಾಷಿಕ ಬೇಕೆಂಬ ಹಟದಿಂದ ಹೊಸ ಸಮಾಸ ಕಟ್ಟಿದರೆ ಅದನ್ನು ಅರ್ಜಿದಾರರಿಗೂ ಗುಮಾಸ್ತರಿಗೂ ವಿವರಿಸಿ ಹೇಳಬೇಕಾಗುತ್ತದೆ.

ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ಮೈಸೂರು ಕಡೆಯ ಕೊಂಬೆ ದಕ್ಷಿಣ ಕನ್ನಡದಲ್ಲಿ ಗೆಲ್ಲು, ಧಾರವಾಡ ಕಡೆ ಟೊಂಗಿ. ಮಿಗಿಲಾಗಿ, ಉತ್ತರ ಕರ್ನಾಟಕದ ಮಾತಿನಲ್ಲಿ ಬೇವಿನ ಗಿಡ, ಹುಣಸಿ ಗಿಡ ಎಂದರೆ ಆಳೆತ್ತರದ ಸಸಿಯಲ್ಲ, ಹೆಮ್ಮರವೇ. ‘ಬಾಜೂ ಮನಿಯವರ ಗಿಡದ ಟೊಂಗಿ’ ಎಂದು ಬರೆದ ಅರ್ಜಿಯನ್ನು ದಕ್ಷಿಣದಿಂದ ವರ್ಗವಾಗಿ ಬಂದ ಅಧಿಕಾರಿ ಓದಿದರೆ ಹೂಗಿಡವೊಂದರ ಚಿತ್ರ ಮೂಡಬಹುದು. ಹಾಗೆಂದು ಅರ್ಜಿದಾರರ ‘ಗಿಡ’ವನ್ನು ಹೊಡೆದುಹಾಕಿ ‘ಮರ’ ಎಂದು ತಿದ್ದಲು ನನಗೆ ಮನಸ್ಸು ಬರುವುದಿಲ್ಲ. ಮರದ ಜಾತಿ, ಅಂದಾಜು ಎತ್ತರ, ಬುಡದ ಸುತ್ತಳತೆ ಇವನ್ನು ಸೇರಿಸಿದರೆ ಅವರ ಮಾತೂ ಉಳಿಯುತ್ತದೆ, ಅರ್ಥವೂ ತಪ್ಪುವುದಿಲ್ಲ.

ಇನ್ನು ‘ಕಡಿಯುವುದು’. ಕೊಂಬೆ ಸವರಿಸಿದರೆ ಸಾಕೆನ್ನುವವರೂ ‘ಮರ ಕಡಿಸಿಕೊಡಿ’ ಎಂದೇ ಬರೆದುಬಿಡುತ್ತಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯುವುದಕ್ಕೆ ವೃಕ್ಷಾಧಿಕಾರಿಯ ಅನುಮತಿಯ ಕ್ರಮವಿರುವುದರಿಂದ ಕೇಳಿದ್ದೇನು ಎಂಬುದು ಸ್ಪಷ್ಟವಾಗಿರಲೇಬೇಕು. ‘ಸವರು’ ಎಂಬ ಒಳ್ಳೆಯ ಪದ ಕೈಯಲ್ಲಿಯೇ ಇದೆ. ಕಾಫಿ ಸೀಮೆಯವರಿಗೆ ‘ಮರಗಸಿ’ ಇದೆ. ತೋಟಕ್ಕೆ ಬೇಕಾದಷ್ಟು ಬಿಸಿಲು ಇಳಿಯುವಂತೆ ನೆರಳು ಮರದ ಕೊಂಬೆಗಳನ್ನು ಆಯ್ದು ತೆಗೆಯುವ ಕೆಲಸವದು, ಮರ ಉಳಿಯಬೇಕೆಂಬ ಆಶಯ ಆ ಪದದಲ್ಲಿಯೇ ಅಡಗಿದೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಕುಡಿ ಕತ್ತರಿಸುವುದಕ್ಕೆ ಹೇಳುವ ‘ಚಾಟನಿ’ ಬಳ್ಳಿಗೆ ಸಂಬಂಧಿಸಿದ್ದು. ಅದನ್ನು ಬೇವಿಗೋ ಹಲಸಿಗೋ ಹೇಳಿದರೆ ಸಹಜವಾಗಿ ಕೇಳಿಸದು.

ಕಡಿಯುವುದಕ್ಕೂ ಸವರುವುದಕ್ಕೂ ಇರುವ ಇದೇ ವ್ಯತ್ಯಾಸ ನ್ಯಾಯಾಲಯಗಳ ಮಾತಿನಲ್ಲಿಯೂ ಇದೆ. ನೆರೆಯವರ ಜಮೀನಿಗೆ ಕಾಲಿಡದೆ, ಕೊಂಬೆಯಲ್ಲಿ ತನ್ನ ಎಲ್ಲೆಯೊಳಗೆ ಬಂದಷ್ಟು ಭಾಗವನ್ನು ಮುಂಚಿತವಾಗಿ ತಿಳಿಸದೆಯೂ ಕತ್ತರಿಸಬಹುದೆಂದು ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ 1894ರಲ್ಲಿ ಲೆಮನ್ ಮತ್ತು ವೆಬ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಕತ್ತರಿಸಿದವರಿಗೆ ಆ ಕೊಂಬೆಯ ಹಣ್ಣು ಸೇರುವುದಿಲ್ಲವೆಂದು 1919ರ ಇನ್ನೊಂದು ತೀರ್ಪು ಹೇಳಿತು. ಅಲ್ಲಿ ಜಗಳವಿದ್ದದ್ದು ಸೇಬಿನ ಹಣ್ಣಿಗಾಗಿ. ಈ ತತ್ವವನ್ನು ಕನ್ನಡದಲ್ಲಿ ಹೇಳುವಾಗ ‘ಮರ ಕಡಿಯುವ ಹಕ್ಕು’ ಎಂದರೆ ಅರ್ಥವೇ ಕೆಡುತ್ತದೆ. ‘ಎಲ್ಲೆಯೊಳಗೆ ಬಂದಷ್ಟನ್ನು ಸವರುವ ಹಕ್ಕು’ ಎನ್ನಬೇಕು.

ಅಪಾಯದ ಮರದ ವಿಷಯ ಬೇರೆ. ಬಿದ್ದು ನೆರೆಹೊರೆಯವರಿಗೋ ದಾರಿಹೋಕರಿಗೋ ಗಾಯವಾಗುವ ಸಂಭವವಿದ್ದರೆ ಉಪವಿಭಾಗೀಯ ದಂಡಾಧಿಕಾರಿಗಳು ಷರತ್ತುಬದ್ಧ ಆದೇಶ ನೀಡಲು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿ ಅವಕಾಶವಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ಮರವನ್ನು ತೆಗೆಸುವುದಷ್ಟೇ ಅಲ್ಲ, ಅದಕ್ಕೆ ಆಧಾರ ಕೊಡಿಸುವ ಮಾತೂ ಆ ಕಲಮಿನಲ್ಲಿದೆ ಎಂಬುದನ್ನು ಅರ್ಜಿ ಬರೆಯುವವರು ಮರೆಯಬಾರದು. ತೆಂಗಿನ ಮರ ಈ ವರ್ಗಕ್ಕೆ ಸೇರುತ್ತದೆ. ಅದಕ್ಕೆ ಕೊಂಬೆಯೇ ಇಲ್ಲದಿರುವುದರಿಂದ ‘ಚಾಚು’ವೂ ‘ಸವರು’ವೂ ಅಲ್ಲಿ ನಿಲ್ಲುವುದಿಲ್ಲ. ವಾಲಿದ ಮರಕ್ಕೆ ತಂತಿ ಬಿಗಿದು ಎದುರು ದಿಕ್ಕಿಗೆ ಕಟ್ಟುವುದು, ಒಣಗಿದ ಗರಿಯನ್ನೂ ಬಲಿತ ಕಾಯಿಯನ್ನೂ ಕಾಲಕಾಲಕ್ಕೆ ಇಳಿಸುವುದು, ಇವನ್ನೇ ಹೆಸರಿಸಿ ಕೇಳಬೇಕು. ಶೀಟಿನ ಮೇಲೆ ಬಿದ್ದದ್ದು ಗರಿಯೋ ಕಾಯಿಯೋ ಎಂದು ಬರೆಯದೆ ‘ಮರದಿಂದ ಹಾನಿ’ ಎಂದಷ್ಟೇ ಬರೆದ ಅರ್ಜಿಯಿಂದ ಯಾರಿಗೂ ಏನೂ ತಿಳಿಯದು.

ಕ್ರಯಪತ್ರಗಳಲ್ಲಿ ಇಂದಿಗೂ ಬರುವ ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’ ಎಂಬ ಅಷ್ಟಭೋಗಗಳ (ನೆಲದ ಒಡೆಯರಿಗೆ ಸೇರುವ ಎಂಟು ಬಗೆಯ ಅನುಭೋಗದ ಹಕ್ಕುಗಳ) ಪಟ್ಟಿ ಶಾಸನಗಳ ಕಾಲದಿಂದ ಬಂದದ್ದು. ಕೆಲವು ಪತ್ರಗಳಲ್ಲಿ ಜಲದ ಜೊತೆಗೆ ‘ತರು’ವೂ ಸೇರಿರುತ್ತದೆ. ಆದರೆ ಚಕ್ಕುಬಂದಿ ನೆಲದ ನಾಲ್ಕು ದಿಕ್ಕುಗಳನ್ನು ಹೇಳುತ್ತದೆಯೇ ಹೊರತು ನೆಲದ ಮೇಲಿನ ಆಕಾಶದ ಬಗ್ಗೆ ಏನನ್ನೂ ಹೇಳುವುದಿಲ್ಲ. ನೆತ್ತಿಯ ಮೇಲಿನ ಈ ತೆರಪಿಗೆ ಹಳೆಯ ದಸ್ತಾವೇಜುಗಳಲ್ಲಿ ಯಾವುದಾದರೂ ಪದ ಇದೆಯೇ ಎಂಬುದು ನನ್ನ ಎರಡನೆಯ ಪ್ರಶ್ನೆ.

ಮೂರನೆಯದು ಹೊಲದ ಪ್ರಶ್ನೆ. ಬದುವಿನ ಮೇಲಿನ ಬೇವೋ ಜಾಲಿಯೋ ಪಕ್ಕದವರ ಹೊಲಕ್ಕೆ ನೆರಳು ಚೆಲ್ಲಿ, ಅಲ್ಲಿ ಜೋಳ ಮೊಣಕಾಲುದ್ದಕ್ಕೇ ನಿಂತು ತೆನೆ ಕಟ್ಟದಿದ್ದರೆ, ಹಾಗೆ ಸೊರಗಿದ ಆ ಪಟ್ಟಿಗೆ ಒಕ್ಕಲಿಗರ ಮಾತಿನಲ್ಲಿ ಹೆಸರೇನು? ಕಲಬುರಗಿ, ರಾಯಚೂರು, ಹಾವೇರಿ ಕಡೆಯವರು ತಮ್ಮ ಊರಿನಲ್ಲಿ ಕೇಳಿದ ಪದವನ್ನು, ಸಾಧ್ಯವಾದರೆ ಅದು ಬಂದ ವಾಕ್ಯವನ್ನೂ ಸೇರಿಸಿ, ತಿಳಿಸಬೇಕೆಂದು ಕೋರುತ್ತೇನೆ.