ಭಾನುವಾರದ ಪ್ರಶ್ನೋತ್ತರ: ವಯಸ್ಸಾದವರ ಮಲಬದ್ಧತೆ, ನಾರಿನಂಶ

ಅಡ್ಮಿನ್: ಅಪ್ಪ ಅಮ್ಮನ ಆರೈಕೆ ಮಾಡೋರ ಈ ಗುಂಪಲ್ಲಿ ಇವತ್ತು ಸಂಜೆ 5ರಿಂದ 6 ಡಾಕ್ಟರ್ ಮೇಡಂ ಇರ್ತಾರೆ. ಹೆಸರು ಬೇಡ, ಊರು ಹಾಕಿ ಕೇಳಿ. ಫಾರ್ವರ್ಡ್ ಹಾಕಬೇಡಿ.

ತುಮಕೂರು: ನಮಸ್ತೆ ಮೇಡಂ. ಅಪ್ಪನಿಗೆ 74. ಎರಡು ದಿನಕ್ಕೊಮ್ಮೆ ಆಗುತ್ತೆ, ತೊಂದರೆ ಏನಿಲ್ಲ. ದಿನಾ ಆಗಲೇಬೇಕು ಅಂತ ಅವರ ಹಟ.

ಡಾಕ್ಟರ್: ದಿನಾ ಆಗಲೇಬೇಕು ಅಂತೇನಿಲ್ಲ. ವಾರಕ್ಕೆ ಮೂರು ಸಲ, ತಿಣುಕದೆ, ಮೆತ್ತಗೆ ಆದರೆ ಸಾಕು. ಬೆಳಿಗ್ಗೆ ತಿಂಡಿ ಆದ ಅರ್ಧ ಗಂಟೆಯೊಳಗೆ ಕೂರಿಸಿ, ಹೊಟ್ಟೆಗೆ ಬಿದ್ದಾಗಲೇ ದೊಡ್ಡ ಕರುಳು ಕದಲೋದು. ಕಮೋಡ್ ಇದ್ದರೆ ಕಾಲ ಕೆಳಗೆ ಮಣೆ ಇಡಿ.

ಮಂಡ್ಯ: ಅಮ್ಮನಿಗೆ ಹಲ್ಲಿಲ್ಲ. ವಾಯು ಆಗುತ್ತೆ ಅಂತ ಮುದ್ದೆ ಬಿಡಿಸಿ ಮೂರು ಹೊತ್ತೂ ಮೆತ್ತಗಿನ ಅನ್ನ ಕೊಡ್ತಿದ್ದೀವಿ. ನಾರಿಗೆ ಏನು ಕೊಡೋಣ?

ಡಾಕ್ಟರ್: ಆ ಮುದ್ದೇನೇ ವಾಪಸ್ ಕೊಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಒಂದು ಹೊತ್ತು ಮುದ್ದೆ, ಜೊತೆಗೆ ಬಸ್ಸಾರು, ಚೆನ್ನಾಗಿ ಬೇಯಿಸಿದ ಸೊಪ್ಪು. ಎರಡು ಮೂರು ವಾರದಲ್ಲಿ ನಿಧಾನಕ್ಕೆ ಜಾಸ್ತಿ ಮಾಡಿ, ಒಂದೇ ಸಲ ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತೆ. ರಾತ್ರಿ ಏಳಬೇಕಾಗುತ್ತೆ ಅಂತ ಅವರು ನೀರು ಕುಡಿಯೋದನ್ನೇ ಬಿಟ್ಟಿರ್ತಾರೆ, ಹಗಲಲ್ಲೇ ಕುಡಿಸಿ ಮುಗಿಸಿ.

ಕೋಲಾರ: ಮುದ್ದೆ ತಿಂದ್ರೇನೇ ಹೊಟ್ಟೆ ಕಟ್ಟೋದು.

ಮಂಡ್ಯ: ನಮ್ಮ ತಾತ 90 ವರ್ಷ ಮುದ್ದೆ ತಿಂದೇ ಬದುಕಿದ್ದು.

ಹಾಸನ: ಮೇಡಂ, ಅಮ್ಮನಿಗೆ 79. ಬಿದ್ದು ಸೊಂಟದ ಮೂಳೆ ಆಪರೇಷನ್ ಆಗಿ ಆರು ವಾರ, ಹಾಸಿಗೆಯಲ್ಲೇ ಇದ್ದಾರೆ. ಹತ್ತು ದಿನ ಮೋಷನ್ ಆಗಿರಲಿಲ್ಲ. ಮೊನ್ನೆಯಿಂದ ನೀರು ನೀರಾಗಿ ಗೊತ್ತಿಲ್ಲದೇ ಬಟ್ಟೆಯಲ್ಲೇ ಆಗ್ತಿದೆ, ದಿನಕ್ಕೆ ಆರೇಳು ಸಲ. ಮೆಡಿಕಲ್ ಶಾಪ್‌ನಲ್ಲಿ ಭೇದಿ ನಿಲ್ಲೋ ಮಾತ್ರೆ ಕೊಟ್ರು, ಎರಡು ಕೊಟ್ಟೆ. ಪಕ್ಕದ ಮನೆಯವರು ಹೇಳಿದ್ರು ಅಂತ ಇಸಬಗೋಲೂ ಹಾಕಿದೆ. ರಾತ್ರಿಯಿಂದ ಏನೇನೋ ಮಾತಾಡ್ತಿದ್ದಾರೆ.

ಡಾಕ್ಟರ್: ಹಾಸನದವರು ಮೊದಲು ಹೇಳಿ. ಕೊನೆಗೆ ಮೂತ್ರ ಯಾವಾಗ ಆಯ್ತು? ಕೆಳಹೊಟ್ಟೆ ಗಟ್ಟಿ ಇದೆಯಾ? ಯಾವ ಮಾತ್ರೆ ನಡೀತಿದೆ? ಉಳಿದವರು ಸ್ವಲ್ಪ ತಾಳಿ.

ಶಿವಮೊಗ್ಗ: *ಕರುಳು ಶುದ್ಧಿಗೆ ರಾಮಬಾಣ* ಮಲಗುವಾಗ ಬಿಸಿ ಹಾಲಿಗೆ ಎರಡು ಚಮಚ ಹರಳೆಣ್ಣೆ, 15 ದಿನ. ಎಲ್ಲರಿಗೂ ಕಳಿಸಿ.

ಹಾಸನ: ಬೆಳಿಗ್ಗೆಯಿಂದ ಹನಿ ಹನಿ ಅಷ್ಟೇ. ಕೆಳಹೊಟ್ಟೆ ಉಬ್ಬಿದೆ, ಮುಟ್ಟಿದ್ರೆ ನೋವು ಅಂತಾರೆ. ನೋವಿಗೆ ಟ್ರಮಡಾಲ್, ಆಮೇಲೆ ಕಬ್ಬಿಣದ್ದು, ಕ್ಯಾಲ್ಸಿಯಂ. ಕಿಡ್ನಿ ಟೆಸ್ಟಲ್ಲಿ ಕ್ರಿಯಾಟಿನಿನ್ 1.9, ಜಾಸ್ತಿನೇ. ಮನೇಲೇ ಎನಿಮಾ ಹಾಕಲಾ?

ಡಾಕ್ಟರ್: ಹಾಕಬೇಡಿ. ಭೇದಿ ಮಾತ್ರೆ, ಇಸಬಗೋಲು ಈಗಲೇ ನಿಲ್ಲಿಸಿ. ಇದು ಭೇದಿ ಅಲ್ಲಮ್ಮ. ಹತ್ತು ದಿನದ ಮಲ ಗುದದ ಹತ್ತಿರ ಕಲ್ಲಿನ ಹಾಗೆ ಕೂತಿರಬೇಕು, ಮೇಲಿನ ನೀರು ಮಲ ಅದರ ಪಕ್ಕದಿಂದ ಸೋರ್ತಿದೆ. ಭೇದಿ ಮಾತ್ರೆ ಕರುಳನ್ನ ಇನ್ನೂ ನಿಲ್ಲಿಸುತ್ತೆ. ಇಸಬಗೋಲು ಉಬ್ಬಿಕೊಳ್ಳುತ್ತೆ, ಕಟ್ಟಿದ ಮೋರಿಗೆ ಇನ್ನಷ್ಟು ಹುಲ್ಲು ತುರುಕಿದ ಹಾಗೆ. ಆ ಗಡ್ಡೆ ಮೂತ್ರದ ದಾರಿಯನ್ನೂ ಒತ್ತಿರಬಹುದು. ಮೂತ್ರ ಕಟ್ಟಿದರೆ ಈ ವಯಸ್ಸಲ್ಲಿ ಮಾತು ಅಡ್ಡಾದಿಡ್ಡಿ ಆಗುತ್ತೆ, ಗುರುತು ತಪ್ಪುತ್ತೆ, ಅದನ್ನ ಅರುಳುಮರುಳು ಅಂದುಕೊಂಡು ಬಿಡ್ತಾರೆ. ಟ್ರಮಡಾಲ್, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಹೊಟ್ಟೆ ಕಟ್ಟಿಸೋವೇ, ಅದರ ಮೇಲೆ ಓಡಾಟ ಇಲ್ಲ. ಅಂಗಡಿಯಲ್ಲಿ ಸಿಗೋ ಎನಿಮಾದಲ್ಲಿ ಫಾಸ್ಫೇಟ್ ಇರುತ್ತೆ. ಕಿಡ್ನಿ ಸೋತವರಲ್ಲಿ ಅದು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ನಾಳೆ ಅಲ್ಲ, ಇವತ್ತೇ ಆಸ್ಪತ್ರೆಗೆ ಹೊರಡಿ. ಗುದದ್ವಾರದಲ್ಲಿ ಬೆರಳು ಹಾಕಿ ಪರೀಕ್ಷೆ ಮಾಡಿ, ಮೂತ್ರಕೋಶ ನೋಡಿ ಅಂತ ನೀವೇ ಕೇಳಿ. ಎಲ್ಲಾ ಮಾತ್ರೆ ಚೀಲದಲ್ಲಿ ಹಾಕ್ಕೊಂಡು ಹೋಗಿ.

ಹಾಸನ: ಅಣ್ಣ ಕಾರ್ ತರ್ತಿದ್ದಾನೆ ಮೇಡಂ.

ಡಾಕ್ಟರ್: ಶಿವಮೊಗ್ಗದವರೇ, ಅದನ್ನ ಅಳಿಸಿ. 80ರವರು ಹರಳೆಣ್ಣೆ ಕುಡಿದು ರಾತ್ರಿ ಎರಡಕ್ಕೆ ಬಾತ್‌ರೂಮಿಗೆ ಓಡ್ತಾರೆ, ಜಾರ್ತಾರೆ. ಸೊಂಟ ಮುರಿದರೆ ಏನಾಗುತ್ತೆ ಅಂತ ಈಗ ತಾನೇ ಮೇಲೆ ಓದಿದಿರಿ. ಮೈಯ ನೀರು, ಪೊಟ್ಯಾಸಿಯಂ ಕೂಡ ಇಳಿಯುತ್ತೆ.

ಶಿವಮೊಗ್ಗ: ನಮ್ಮಜ್ಜಿ ಮನೆಮಂದಿಗೆಲ್ಲ ಕುಡಿಸ್ತಿದ್ರು. ಇಂಗ್ಲಿಷ್ ಔಷಧಿಯವರಿಗೆ ನಮ್ಮದೆಲ್ಲ ತಪ್ಪೇ.

ಮಂಡ್ಯ: ನಿಮ್ಮಜ್ಜಿ ಮಕ್ಕಳಿಗೆ ಕುಡಿಸಿದ್ದು, ಬಿಪಿ ಶುಗರ್‌ಗೆ ಐದು ಮಾತ್ರೆ ನುಂಗೋರಿಗಲ್ಲ.

ಶಿವಮೊಗ್ಗ: ನಿಮ್ಮನ್ನ ಯಾರ್ರೀ ಕೇಳಿದ್ದು?

ಕೋಲಾರ: ಮುದ್ದೆ ಡಾಕ್ಟರ್ ಅವರು.

ಅಡ್ಮಿನ್: ದಯವಿಟ್ಟು ನಿಲ್ಲಿಸಿ.

ಕಲಬುರಗಿ: ಇಸಬಗೋಲ್ ದಿನಾ ತಗೋಬಹುದೇನ್ರಿ?

ಡಾಕ್ಟರ್: ಕೈಕಾಲು ಆಡಿಸಿಕೊಂಡು ಓಡಾಡೋರು, ಸರಿಯಾಗಿ ನುಂಗೋರು ತಗೋಬಹುದು. ಒಂದು ದೊಡ್ಡ ಲೋಟ ನೀರಲ್ಲಿ ಕಲಸಿದ ತಕ್ಷಣ ಕುಡೀಬೇಕು, ಮಲಗೋ ಮುಂಚೆ ಬೇಡ. ಥೈರಾಯ್ಡ್ ಮುಂತಾದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ. ಕೈಕಾಲು ನಡುಗೋ ಪಾರ್ಕಿನ್ಸನ್ ಕಾಯಿಲೆ ಇದ್ದು ನುಂಗೋಕೆ ಕಷ್ಟ ಆಗೋರಿಗೆ ಕೊಡಬೇಡಿ, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತೆ.

ಮಂಗಳೂರು: ಮಾವನಿಗೆ ಹಾರ್ಟ್ ಪಂಪಿಂಗ್ ಕಮ್ಮಿ, ದಿನಕ್ಕೆ 1.2 ಲೀಟರ್ ನೀರು ಅಷ್ಟೇ ಅಂದಿದ್ದಾರೆ. ನೀರು ಜಾಸ್ತಿ ಮಾಡುವುದಾ?

ಡಾಕ್ಟರ್: ಮಾಡಬೇಡಿ, ಆ ಅಳತೆ ಮೀರಬೇಡಿ. ಇಸಬಗೋಲೂ ಬೇಡ. ಮಲ ಸಡಿಲ ಮಾಡೋ ಲ್ಯಾಕ್ಟುಲೋಸ್ ಸಿರಪ್ ಆಗುತ್ತಾ ಅಂತ ಅವರ ಹೃದಯದ ಡಾಕ್ಟರನ್ನೇ ಕೇಳಿ.

ಗದಗ: ಇಸಬಗೋಲ್ ಹಾಲಾಗೋ ನೀರಾಗೋ?

ಡಾಕ್ಟರ್: ಮೇಲೆ ಓದಿ.

ಹುಬ್ಬಳ್ಳಿ: ನಮ್ಮಪ್ಪಾರಿಗೆ 68 ರೀ. ಮೂರು ತಿಂಗಳಿಂದ ಹೊಟ್ಟಿ ಕಟ್ಟಾಕತ್ತೈತಿ, ಒಮ್ಮೊಮ್ಮೆ ರಕ್ತ ಕಾಣತೈತಿ, ತೂಕಾನೂ ಇಳದೈತಿ. ಮೂಲವ್ಯಾಧಿ ಅಂತ ಊರಾಗ ಪುಡಿ ಕೊಟ್ಟಾರ. ಎಷ್ಟು ದಿನ ತಗೋಬೇಕ್ರಿ?

ಡಾಕ್ಟರ್: ಒಂದು ದಿನವೂ ಬೇಡ. ಈ ವಯಸ್ಸಲ್ಲಿ ಹೊಸದಾಗಿ ಶುರುವಾದದ್ದು, ರಕ್ತ, ತೂಕ ಇಳಿಕೆ. ಕರುಳಿನ ಕ್ಯಾನ್ಸರ್ ಇಲ್ಲ ಅಂತ ಖಚಿತ ಆಗೋವರೆಗೂ ಇದನ್ನ ಮೂಲವ್ಯಾಧಿ ಅನ್ನಬಾರದು. ಈ ವಾರವೇ ಡಾಕ್ಟರ್ ಹತ್ತಿರ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳೊಳಗೆ ಕ್ಯಾಮೆರಾ ಹಾಕಿ ನೋಡೋ ಪರೀಕ್ಷೆ, ಬಗ್ಗೆ ಮಾತಾಡಿ. ರಕ್ತದಲ್ಲಿ ಹಿಮೋಗ್ಲೋಬಿನ್ ನೋಡಿಸಿ.

ದಾವಣಗೆರೆ: ಬಾಳೆಹಣ್ಣು ಪಚ್ಚಬಾಳೆ ಒಳ್ಳೇದಾ, ಏಲಕ್ಕಿ ಒಳ್ಳೇದಾ?

ಶಿವಮೊಗ್ಗ: *ತ್ರಿಫಲಾ ಚೂರ್ಣದ 21 ಉಪಯೋಗ* ಓದಿ, ಎಲ್ಲರಿಗೂ ಹಂಚಿ.

ಡಾಕ್ಟರ್: ಅಡ್ಮಿನ್, ಫಾರ್ವರ್ಡ್ ನಿಲ್ಲದಿದ್ದರೆ ನಾನು ಮುಂದಿನ ವಾರ ಬರಲ್ಲ. ಅದರ ಮಧ್ಯೆ ಹಾಸನದವರ ಪ್ರಶ್ನೆ ಮುಳುಗಿ ಹೋಗಿದ್ದರೆ?

ತುಮಕೂರು: ಆರಕ್ಕೆ ಮುಗೀಬೇಕಿತ್ತು, 6.40 ಆಯ್ತು. ಮೇಡಂಗೆ ಬಿಡುವು ಕೊಡಿ.

ಹಾಸನ: ಮೇಡಂ, 9 ಗಂಟೆ. ಟ್ಯೂಬ್ ಹಾಕಿದ ತಕ್ಷಣ ಒಂದು ಲೀಟರ್ ಹತ್ತಿರ ಮೂತ್ರ ಬಂತು. ಗಟ್ಟಿ ಮಲ ಸ್ವಲ್ಪ ಕೈಯಿಂದಲೇ ತೆಗೆದರು. ಅಮ್ಮ ನನ್ನ ಹೆಸರು ಹಿಡಿದು ಕರೆದರು.

ಡಾಕ್ಟರ್: ಸದ್ಯ. ಟ್ರಮಡಾಲ್ ಮುಂದುವರಿಸಿದ್ದಾರಾ? ಜೊತೆಗೆ ಮಲ ಸಡಿಲ ಮಾಡೋದು ಏನಾದರೂ ಬರೆದಿದ್ದಾರಾ?

ಹಾಸನ: ಮುಂದುವರಿಸಿದ್ದಾರೆ. ಅದು ಬರೆದಿಲ್ಲ.

ಡಾಕ್ಟರ್: ಡ್ಯೂಟಿ ಡಾಕ್ಟರ್ ಇನ್ನೂ ವಾರ್ಡಲ್ಲೇ ಇರ್ತಾರೆ. ಈಗಲೇ ಹೋಗಿ ಕೇಳಿ.